ತಿಟ್ಟಿನ ಬ್ಯಾರನ್ನಿನಲ್ಲಿ ಮುನ್ನೂರ ಹನ್ನೆರಡು ಪುಸ್ತಕ

“ಅಲ್ಲ ಕಣವ್ವ, ರ‍್ಯಾಕ್ ಖಾಲಿ ಅದೆ ಅಂತ ನೀನ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ? ಬಿತ್ತನೆ ಕಾಲ ಮುಗುದ್ ಮ್ಯಾಲೂ ಕಣಜದಲ್ಲಿ ಬೀಜ ತುಂಬ್ಕೊಂಡು ಕೂತಿದ್ರೆ ಆ ರೈತ ಸೋಂಬೇರಿ ಅಂತ ಅರ್ಥ. ಪುಸ್ತಕಾನೂ ಅಂಗೇಯ. ಎಲ್ಲಾ ಊರೊಳಗವೆ. ಈಗ ನೀನು ಆ ಹಾಳೆ ಹಿಡ್ಕೊ, ಗೆರೆ ಎಳಿ. ಅನ್ನೊಂದು ಗಂಟೆಗೆ ಸಾಹೇಬ್ರು ಬತ್ತಾರೆ.”

ಲೈಬ್ರರಿ ನೋಡ್ಕೊಳ್ಳೋ ಮಲ್ಲಾಜಮ್ಮ ನೆಲದ ಮೇಲೆ ಕಾಲು ಮಡಚಿ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸ್ಕೊಂಡು ಬರೀತಾನೇ ಹೇಳ್ತಿದ್ರು. ಎಡಗಡೆ ಪುಸ್ತಕದ ಹೆಸ್ರು, ಬಲಗಡೆ ಅದು ಈಗ ಯಾರ ಮನೇಲಿದೆ ಅಂತ. ಎದುರಿಗೆ ನೋಡ್ಕೊಂಡು ಬರಿಯೋಕೆ ಏನೂ ಇಲ್ಲ, ರಿಜಿಸ್ಟರ್ ಮುಚ್ಚಿಟ್ಟಿದ್ರು, ಎಲ್ಲಾ ನೆನಪಿಂದಾನೇ! ಮುನ್ನೂರ ಹನ್ನೆರಡು ಪುಸ್ತಕ! ನಂಗೆ ನನ್ನ ಫೋನ್ ನಂಬರ್ ಬಿಟ್ರೆ ಅಪ್ಪಂದೂ ನೆನಪಿಲ್ಲ.

“ಕೋಳಿ ರೋಗದ ಪುಸ್ತಕ, ಕೆಳಗಲ ಬೀದಿ ಮಾದೇಶನ ಮನೆ. ಅಲ್ಲಲ್ಲ, ಮೊನ್ನೆ ಬುಧವಾರ ಅವ್ರು ನಂಜಣ್ಣನ್ ಮನೆಗೆ ದಾಟ್ಸವ್ರೆ. ಇರು, ನಂಜಣ್ಣ ಅಂತ ತಿದ್ತೀನಿ.”

ಎಲ್ಲಿದ್ದೀವಿ ಅಂತ ಮೊದ್ಲು ಹೇಳ್ಬಿಡ್ತೀನಿ. ಊರ ಹೆಸ್ರು ಹೊನ್ನೇತಿಟ್ಟು. ಅಂತರಸಂತೆ ದಾಟಿ ಕಾಡಂಚಿನ ಕಡೆಗೆ ಹೋದ್ರೆ ಕಬಿನಿ ಹಿನ್ನೀರು ಸಿಗತ್ತೆ, ಅದರ ನಡುವೆ ಎತ್ತರದ ಒಂದು ದಿಬ್ಬ, ದಿಬ್ಬದ ಮೇಲೆ ಎಪ್ಪತ್ತೆಂಟು ಮನೆ. ಬೇಸಿಗೇಲಿ ನೀರು ಇಳಿದಾಗ ಮಣ್ಣು ರಸ್ತೇಲಿ ನಡ್ಕೊಂಡೇ ಹೋಗ್ಬೋದು. ಆಗಸ್ಟಲ್ಲಿ ಡ್ಯಾಮ್ ತುಂಬಿದ್ರೆ ರಸ್ತೆ ಮುಳುಗಿ, ಆರು ತಿಂಗಳು ಊರು ಪಕ್ಕಾ ದ್ವೀಪ. ತೆಪ್ಪ ಒಂದೇ ದಾರಿ. ನಾನು ಹುಣಸೂರಿನವಳು, ಡಿಗ್ರಿ ಎರಡನೇ ವರ್ಷ, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಅಂತರಸಂತೇಲಿ ನಮ್ಮ ಸೋದರತ್ತೆ ಮನೆ ಇದೆ. ಅತ್ತೆ ಹಿಂದಿನ ದಿನ ಊಟಕ್ಕೆ ಬಡಿಸ್ತಾ, “ತಿಟ್ಟಲ್ಲಿ ಒಂದು ಲೈಬ್ರರಿ ಅದೆ, ಹೊಗೆಸೊಪ್ಪಿನ ಬ್ಯಾರನ್ನಲ್ಲಿ, ನಾಳೆ ಅದನ್ನ ಎತ್ತಂಗಡಿ ಮಾಡಕ್ಕೆ ತಾಲ್ಲೂಕಿಂದ ಬತ್ತಾರಂತೆ” ಅಂದ್ರು. ಹೊಗೆಸೊಪ್ಪಿನ ಬ್ಯಾರನ್ನಲ್ಲಿ ಲೈಬ್ರರಿನಾ? ಅಷ್ಟು ಕೇಳಿದ್ಮೇಲೆ ನಂಗೆ ನಿದ್ದೆ ಬರತ್ತಾ? ಬೆಳಿಗ್ಗೆ ಎಂಟಕ್ಕೆ ತೆಪ್ಪ ಹತ್ತಿದ್ದೆ.

ಬ್ಯಾರನ್ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಹೊಗೆಸೊಪ್ಪು ಬೇಯಿಸೋ ಎತ್ತರದ ಗೂಡು. ದಪ್ಪ ಗೋಡೆ, ಕಿಟಕಿ ಇಲ್ಲ, ಒಳಗೆ ಅಡ್ಡಡ್ಡ ಮರದ ಗಳಗಳು. ಇಲ್ಲಿ ಆ ಗಳಗಳನ್ನೇ ಕೆಳಗಿಳಿಸಿ, ಮೇಲೆ ಹಲಗೆ ಹೊಡೆದು ರ‍್ಯಾಕ್ ಮಾಡಿದ್ದಾರೆ. ಬೆಳಕಿಗೆ ಮೇಲೆ ಆರು ಗಾಜಿನ ಹೆಂಚು. ಬಿಸಿಲು ನೆಟ್ಟಗೆ ಓದೋ ಟೇಬಲ್ ಮೇಲೇ ಬೀಳತ್ತೆ. ಇಪ್ಪತ್ತು ವರ್ಷದಿಂದ ಸೊಪ್ಪು ಬೇಯಿಸಿಲ್ಲ, ಆದ್ರೂ ಘಾಟು ಇನ್ನೂ ಹೋಗಿಲ್ಲ. ನಾನು ಎರಡು ಸಲ ಸೀನಿದೆ.

“ಸೀನು, ಸೀನು. ಆ ಘಾಟಿಗೇ ಒಂದು ಗೆದ್ಲು ಒಳಕ್ ಬರಲ್ಲ” ಅಂತ ನಕ್ರು ಮಲ್ಲಾಜಮ್ಮ. “ದೊಡ್ ದೊಡ್ ಲೈಬ್ರರೀಲೆಲ್ಲ ಔಷ್ದಿ ಒಡೀತಾರಂತೆ. ನಮ್ಗೆ ಮಾವ ಬುಟ್ಟೋಗಿರೋದೇ ಸಾಕು.”

ಈ ಮಾವನ ಕತೆ ಕೇಳ್ಬೇಕು ನೀವು. ಅವ್ರ ಹೆಸ್ರು ಸಣ್ಣಬೀರಯ್ಯ, ಈಗಿಲ್ಲ. ಅವ್ರಿಗೆ ಓದೋಕೆ ಬರ್ತಿರ್ಲಿಲ್ಲ. ಡ್ಯಾಮ್ ನೀರು ಬಂದು ಜಮೀನು ಹೋಗೋ ಕಾಲಕ್ಕೆ ಆಫೀಸಿಂದ ಒಂದು ಕಾಗದ ಬಂತಂತೆ. ಓದ್ಸೋಕೆ ಮೂರು ಜನರ ಹತ್ರ ಹೋದ್ರೆ ಮೂರು ಜನ ಮೂರು ಥರ ಹೇಳಿದ್ರಂತೆ. ಆವತ್ತೇ ಅವ್ರು ತೀರ್ಮಾನ ಮಾಡಿದ್ದು, ಮಗನಿಗೆ ತರೋ ಹೆಣ್ಣು ಓದಿರ್ಬೇಕು ಅಂತ. ಹುಣಸೂರು ಕಡೆ ಕಟ್ಟೆಮಳಲವಾಡಿಗೆ ಹೆಣ್ಣು ನೋಡೋಕೆ ಹೋದಾಗ ಎಲ್ಲರ ಥರ ಹಾಡು ಬರತ್ತಾ, ಮುದ್ದೆ ತೊಳಸೋಕೆ ಬರತ್ತಾ ಅಂತ ಕೇಳ್ಲಿಲ್ಲ. ಜೇಬಿಂದ ಮಡಚಿದ ಒಂದು ಕಾಗದ ತೆಗೆದು, “ಇದನ್ನ ಓದವ್ವ” ಅಂದ್ರಂತೆ.

“ಅದೇ ಜಮೀನ್ ಕಾಗ್ದ! ಅದಿನೈದ್ ವರ್ಷದ್ದು!” ಮಲ್ಲಾಜಮ್ಮ ಪೆನ್ನು ಕೆಳಗಿಟ್ಟೇಬಿಟ್ರು. “ನಾನು ಎಸ್ಸೆಲ್ಸಿ ಪಾಸು, ಗಡಗಡ ಓದ್ಬುಟ್ಟೆ. ನಮ್ಮಪ್ಪ ಒಳಗಿಂದ ಕಣ್ ಸನ್ನೆ ಮಾಡ್ತಾವ್ನೆ, ಮೆತ್ತಗೆ ಓದು, ತಲೆ ತಗ್ಸು ಅಂತ. ಮಾವ ಪೂರ್ತಿ ಕೇಳುದ್ರು. ಆಮ್ಯಾಕೆ ನಮ್ ಯಜಮಾನ್ರ ಕಡೆ ತಿರುಗಿ, ‘ಇವ್ಳು ಒಪ್ಕೊಂಡ್ರೆ ನಿನ್ ಪುಣ್ಯ ಕಣ್ಲಾ’ ಅಂದ್ರು.”

ಮದುವೆಯಾಗಿ ಬಂದ ಮೇಲೆ ದಿನಾ ಮಧ್ಯಾಹ್ನ ಮಾವ ಹಗ್ಗ ಹೊಸೀತಾ ಕೂರೋದು, ಸೊಸೆ ಏನಾದ್ರೂ ಓದೋದು. ಪೇಪರ್ರು, ಗೊಬ್ಬರದ ಚೀಲದ ಮೇಲಿನ ಬರಹ, ಬಸ್ಸಲ್ಲಿ ಸಿಕ್ಕ ಕರಪತ್ರ, ಏನು ಸಿಕ್ಕಿದ್ರೆ ಅದು. ಪಕ್ಕದ ಮನೆಯವ್ರು ಅವರೆಕಾಯಿ ಸುಲೀತಾ ಬಂದು ಕೂತ್ರು. ಅವ್ರ ಪಕ್ಕದವ್ರೂ ಬಂದ್ರು. ಪಂಚಾಯ್ತಿಯವ್ರು ಲೈಬ್ರರಿ ಕೊಡ್ತೀವಿ, ಜಾಗ ಎಲ್ಲಿದೆ ಅಂದಾಗ ಮಾವ ಎದ್ದು ನಿಂತು “ನಮ್ ಬ್ಯಾರನ್ ತಗೊಳ್ರಪ್ಪ” ಅಂದ್ರಂತೆ. ಅದಾಗಿ ಹತ್ತೊಂಬತ್ತು ವರ್ಷ. ಈಗ ಮಲ್ಲಾಜಮ್ಮಂಗೆ ಐವತ್ತನಾಲ್ಕು.

ಇವತ್ತಿನ ಸಮಸ್ಯೆ ಏನಪ್ಪಾ ಅಂದ್ರೆ, ರಿಜಿಸ್ಟರ್. ಪುಸ್ತಕ ತಗೊಂಡೋರು ಸೈನ್ ಹಾಕ್ಬೇಕು. ಹೋದ ಮೂರು ತಿಂಗಳಲ್ಲಿ ಇರೋ ಸೈನು ಬರೀ ನಲವತ್ತೊಂದು. ಅದನ್ನ ನೋಡಿದ ಮೇಲಿನವ್ರು, ಈ ಲೈಬ್ರರೀನ ದಡದಾಚೆ ರಸ್ತೆ ಪಕ್ಕ ಕಟ್ಟಿರೋ ಹೊಸ ಕಟ್ಟಡಕ್ಕೆ ಸಾಗಿಸೋಣ ಅಂತ ಯೋಚನೆ ಮಾಡಿದ್ದಾರೆ.

“ನಿಮ್ಮ ಕೆಲ್ಸ ಹೋಗತ್ತಾ?” ಅಂತ ನಾನು ಕೇಳಿದೆ.

“ನನ್ ಕೆಲ್ಸ ಎಲ್ಗೋದದು? ಅಲ್ಲಿ ಫ್ಯಾನ್ ಅದೆ, ಕುರ್ಚಿ ಅದೆ. ಆರಾಮಾಗಿ ಗಾಳಿ ಕುಡ್ಕೊಂಡು ಕೂತ್ಕೊಬೋದು. ಪ್ರಶ್ನೆ ಅದಲ್ಲ ಕಣವ್ವ. ಇಲ್ಲಿನ ಎಂಗುಸ್ರು ಒಂದು ಪುಸ್ತಕಕ್ಕೋಸ್ಕರ ತೆಪ್ಪ ಅತ್ತಿ ದಡ ದಾಟಿ ಓಯ್ತಾರಾ? ಆಲು ಕರೀಬೇಕು, ಸೊಪ್ಪು ತರಬೇಕು. ಒಂದ್ ಸಲ ಗಂಟು ಕಟ್ಟಿ ಆಚೆ ದಾಟ್ಸುದ್ರೆ ತಿಟ್ಟಿಗೆ ಪುಸ್ತಕದ ಋಣ ಮುಗೀತು.”

“ಮತ್ತೆ ಸೈನ್ ಯಾಕೆ ಕಮ್ಮಿ?”

ಅವ್ರು ನನ್ನನ್ನ ಎರಡನೇ ಕ್ಲಾಸ್ ಮಗು ನೋಡೋ ಥರ ನೋಡಿದ್ರು. “ನಾಟಿಗೆ ಮುಯ್ಯಾಳು ಓಗ್ತಾರಲ್ಲ, ಇವತ್ತು ನಾನು ನಿನ್ ಗದ್ದೆಗೆ, ನಾಳೆ ನೀನು ನನ್ ಗದ್ದೆಗೆ, ಅದ್ಕೇನಾರ ಸೈನ್ ಹಾಕುಸ್ಕೋತಾರಾ? ಪುಸ್ತಕಾನೂ ಅಂಗೇ ಓಡಾಡ್ತದೆ. ಮೊದಲ್ನೇ ಮನೆಯವ್ರು ಇಲ್ಲಿಂದ ತಕೊಂಡೋಗ್ತಾರೆ, ಸೈನ್ ಆಯ್ತದೆ. ಓದ್ಬುಟ್ಟು ಪಕ್ಕದ್ ಮನೆಗೆ ಕೊಡ್ತಾರೆ, ಅವ್ರು ತಮ್ದು ಇವ್ರಿಗೆ ಕೊಡ್ತಾರೆ. ಒಂದು ಪುಸ್ತಕ ಇಲ್ಗೆ ವಾಪಸ್ ಬರಬೇಕಾದ್ರೆ ಹತ್ತು ಮನೆ ಸುತ್ತಿರ್ತದೆ. ಯಾರ್ ಮನೇಲದೆ ಅಂತ ನಂಗ್ ಗೊತ್ತು, ಬುಡು.”

ನೋಡಿ, ಇದು ಅವ್ರ ಪ್ಲಾನ್: ಸಾಹೇಬ್ರು ಬಂದ ತಕ್ಷಣ ಖಾಲಿ ರ‍್ಯಾಕ್ ತೋರ್ಸೋದು, ಪಟ್ಟಿ ಕೈಗೆ ಕೊಡೋದು, “ಯಾವ ಪುಸ್ತಕ ಬೇಕು ಏಳಿ, ಆ ಮನೆಗೇ ಕರ್ಕೊಂಡೋಗ್ತೀನಿ” ಅನ್ನೋದು. ಸೂಪರ್ ಅಲ್ವಾ? ಅವ್ರ ಗಂಡ ಸ್ವಾಮಿ, ತೆಪ್ಪ ಹಾಕೋದು ಅವ್ರೇ, ಹಿಂದಿನ ದಿನ ಬೇರೆ ಐಡಿಯಾ ಕೊಟ್ಟಿದ್ರಂತೆ. ಊರವ್ರನ್ನೆಲ್ಲ ಕೂರಿಸಿ ಹಳೇ ತಾರೀಖು ಹಾಕಿ ಸೈನ್ ಮಾಡಿಸ್ಬಿಡೋಣ ಅಂತ.

“ಸುಳ್ಳು ಬರ್ಸಿ ಉಳ್ಸುಕೊಳ್ಳೋ ಅಂಥದ್ದು ನನ್ ಲೈಬ್ರರಿಗೇನೂ ಬಂದಿಲ್ಲ ಅಂದೆ. ಬಾಯ್ ಮುಚ್ಕೊಂಡು ಮುದ್ದೆ ಉಂಡ್ರು” ಅಂದ್ರು ಮಲ್ಲಾಜಮ್ಮ.

ಒಂಬತ್ತಕ್ಕೆ ನಾವಿನ್ನೂ ಎಂಬತ್ತನೇ ಪುಸ್ತಕದಲ್ಲಿದ್ವಿ. ಬಾಗಿಲಲ್ಲಿ ನೆರಳು ಬಿತ್ತು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕಂಕುಳಲ್ಲಿ ಮೂರು ಪುಸ್ತಕ, ಸೆರಗಿನಲ್ಲಿ ಏನೋ ಗಂಟು.

“ತಕೊಳ್ಳೇ ಮಲ್ಲಾಜಿ, ನಿನ್ ಪುಸ್ತಕ” ಅಂದವ್ರೇ ರ‍್ಯಾಕ್ ಮೇಲೆ ಜೋಡಿಸಿ, ಪಕ್ಕದಲ್ಲೇ ಸೆರಗು ಬಿಚ್ಚಿ ಅವರೆಕಾಯಿ ಸುರುವಿದ್ರು. ಚಾಮುಂಡಮ್ಮ ಅಂತ, ಮೇಗಲ ಬೀದಿಯವ್ರು.

ಮಲ್ಲಾಜಮ್ಮ ಎದ್ದು ನಿಂತ್ರು. “ಇದ್ಯಾಕಕ್ಕ ತಂದೆ? ಇನ್ನೂ ಓದ್ತಿದ್ದೆ ತಾನೆ?”

“ಒಂದು ಮುಗುದದೆ, ಮಿಕ್ಕಿದ್ದು ಓದ್ತಿದ್ದೆ. ಆದ್ರೆ ನಿನ್ ಮನೆಗೆ ನೆಂಟ್ರು ಬರೋ ದಿನ ನಿನ್ ಸಾಮಾನು ನಾನಿಟ್ಕೊಂಡು ಕೂತಿರಕ್ಕಾಯ್ತದಾ? ಮಾನ ಮರ್ವಾದೆ ಇಲ್ವಾ ನಮ್ಗೆ? ನಿಮ್ಮೆಜಮಾನ್ರು ನೆನ್ನೆ ತೆಪ್ಪದಲ್ಲಿ ಏಳುದ್ರು, ಸಾಹೇಬ್ರು ಪುಸ್ತಕ ನೋಡಕ್ಕೆ ಬತ್ತಾವ್ರೆ ಅಂತ. ನಾನು ಬೀದಿಗೆಲ್ಲಾ ಏಳಿವ್ನಿ, ಯಾರೂ ಇಟ್ಕೊಬೇಡಿ, ತಂದ್ಕೊಡಿ ಅಂತ.”

ನಮ್ಮ ಕಡೆ ಪದ್ಧತಿ ಗೊತ್ತಲ್ಲ. ಒಬ್ಬರ ಮನೇಲಿ ಮದುವೆನೋ, ನೆಂಟರೋ ಅಂದ್ರೆ, ಅವ್ರಿಂದ ಇಸ್ಕೊಂಡಿದ್ದ ಕೊಳಗ, ತಪ್ಪಲೆ, ಒನಕೆ ಎಲ್ಲಾ ಆವತ್ತು ಬೆಳಿಗ್ಗೆ ವಾಪಸ್ ಮುಟ್ಟಿಸ್ಬೇಕು. ಅದೂ ಖಾಲಿ ಪಾತ್ರೆ ಕೊಡೋ ಹಾಗಿಲ್ಲ, ಅಪಶಕುನ. ಒಂದು ಹಿಡಿ ಕಾಳೋ, ಎರಡು ಬದನೆಕಾಯೋ ಹಾಕೇ ಕೊಡ್ಬೇಕು. ತಿಟ್ಟಿನವ್ರು ಪುಸ್ತಕಕ್ಕೂ ಅದನ್ನೇ ಮಾಡಿದ್ರು!

ಆಮೇಲೆ ಏನಾಯ್ತು ಅಂತ ಹೇಗೆ ಹೇಳ್ಲಿ, ಸಾಲು, ಸಾಲೋ ಸಾಲು! ಬಾಳೆಕಾಯಿ, ನಾಟಿ ಕೋಳಿ ಮೊಟ್ಟೆ, ಒಂದು ಸೇರು ರಾಗಿ, ಸೀಮೆಬದನೆ, ಕನಕಾಂಬರದ ಮಾಲೆ, ಹುಣಸೆಹಣ್ಣಿನ ಉಂಡೆ. ಒಂದೊಂದು ಪುಸ್ತಕದ ಪಕ್ಕ ಒಂದೊಂದು. ಯಾರೋ ಪುಸ್ತಕದ ರಟ್ಟು ಒದ್ದೆ ಬಟ್ಟೇಲಿ ಒರೆಸಿದ್ರು, ಇನ್ಯಾರೋ ಅರಿಶಿನ ಕುಂಕುಮಾನೇ ಇಟ್ಬಿಟ್ಟಿದ್ರು. ಮಲ್ಲಾಜಮ್ಮ “ವಾಪಸ್ ತಕೊಂಡೋಗ್ರವ್ವ, ನಿಮ್ ದಮ್ಮಯ್ಯ” ಅಂತ ಬಾಗಿಲಲ್ಲಿ ಅಡ್ಡ ನಿಂತ್ರು. ಯಾರು ಕೇಳ್ತಾರೆ? ಇವ್ರು ಸಂಕೋಚಕ್ಕೆ ಹೀಗಂತಿದ್ದಾರೆ ಅಂದ್ಕೊಂಡು ಎಲ್ಲರೂ ಇನ್ನಷ್ಟು ಖುಷಿಯಿಂದ ಒಳಗೆ ನುಗ್ಗಿದ್ರು. ಹತ್ತೂವರೆಗೆ ರ‍್ಯಾಕ್ ಫುಲ್. ನಮ್ಮ ಪಟ್ಟಿ ವೇಸ್ಟ್. ಅದರಲ್ಲಿ ಬರ್ದಿರೋ ಒಂದೇ ಒಂದು ಪುಸ್ತಕ ಕೂಡ ಯಾರ ಮನೇಲೂ ಇಲ್ಲ.

ಸ್ವಾಮಿ ತೆಪ್ಪದ ಹುಟ್ಟು ಹಿಡ್ಕೊಂಡು ಬಾಗಿಲಿಗೆ ಬಂದು, ಒಳಗೆ ಒಂದು ಸಲ ನೋಡಿ, ಹಿಂದಕ್ಕೆ ಸರಿದ್ರು.

“ಎಲ್ಗೋಯ್ತೀರಿ? ಬನ್ನಿ ಇಲ್ಲಿ” ಅಂದ್ರು ಮಲ್ಲಾಜಮ್ಮ. “ತೆಪ್ಪದಲ್ಲಿ ಬಾಯಿ ಸುಮ್ಕಿರಾಕಿಲ್ವಾ ನಿಮ್ದು?”

“ನಾನೇನು ಮಾಡ್ದೆ? ಪುಸ್ತಕ ನೋಡಕ್ ಬತ್ತಾರೆ ಅಂದೆ, ಅಷ್ಟೆಯ.”

“ಅಷ್ಟೇ ಸಾಕಲ್ಲ ನಮ್ಮೂರಿಗೆ!”

ನಾನು ಹೆದರಿಹೋಗಿದ್ದೆ, ಸೀರಿಯಸ್ಲಿ. ಅಷ್ಟೂ ಪುಸ್ತಕ ರ‍್ಯಾಕಲ್ಲಿದೆ, ರಿಜಿಸ್ಟರಲ್ಲಿ ಸೈನಿಲ್ಲ. ನೋಡಿದ ಯಾರೇ ಆದ್ರೂ ಏನಂತಾರೆ? ಇಲ್ಲಿ ಒಬ್ಬರೂ ಓದಲ್ಲ ಅಂತಾನೇ ತಾನೇ? ಮಲ್ಲಾಜಮ್ಮ ಮಾತ್ರ ಒಂದು ನಿಮಿಷ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ರು. ಆಮೇಲೆ ಸೆರಗು ಸಿಕ್ಕಿಸ್ಕೊಂಡು, “ಬಂದಿದ್ದು ಬರ್ಲಿ. ಟೇಬಲ್ ಮ್ಯಾಲಿನ ಮೊಟ್ಟೆ ಎತ್ತಿ ಮೂಲೇಲಿಡು, ಸಾಹೇಬ್ರು ಕೈ ಊರುದ್ರೆ ಕಷ್ಟ. ಪುಸ್ತಕದ ಪಕ್ಕ ಇರೋದು ಅಂಗೇ ಇರ್ಲಿ” ಅಂದ್ರು.

ಹನ್ನೊಂದೂ ಕಾಲಿಗೆ ಸಾಹೇಬ್ರು ಬಂದ್ರು. ಷಣ್ಮುಖಪ್ಪ ಅಂತ ಹೆಸ್ರು, ತೆಳ್ಳಗೆ, ಪ್ಯಾಂಟು ಮಂಡಿ ತನಕ ಒದ್ದೆ, ಕೈಲಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಫೈಲು. ಒಳಗೆ ಕಾಲಿಟ್ಟೋರು ಹಾಗೇ ನಿಂತ್ಬಿಟ್ರು.

“ಇದು ಲೈಬ್ರರಿನೋ, ಶುಕ್ರವಾರದ ಸಂತೆನೋ?”

“ಲೈಬ್ರರಿ ಸಾರ್. ಕೂತ್ಕೊಳಿ, ನೀರ್ ಮಜ್ಜಿಗೆ ಕುಡೀರಿ.”

ಅವ್ರು ಮಜ್ಜಿಗೆ ಕುಡಿದ್ರು, ರಿಜಿಸ್ಟರ್ ತೆಗೆದ್ರು, ಪುಟ ತಿರುವಿದ್ರು. ಕೆಟ್ಟೋರೇನಲ್ಲ, ಮೆತ್ತಗೇ ಮಾತಾಡ್ತಿದ್ರು. “ನೋಡಮ್ಮ, ಮೂರು ತಿಂಗಳಿಗೆ ನಲವತ್ತೊಂದು. ಪುಸ್ತಕ ಎಲ್ಲಾ ಇಲ್ಲೇ ಇದೆ. ನೀವು ಚೆನ್ನಾಗಿ ಇಟ್ಕೊಂಡಿದ್ದೀರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಓದೋರಿಲ್ಲ ಅಂದ್ಮೇಲೆ, ಓದೋರಿರೋ ಕಡೆ ತಗೊಂಡು ಹೋಗೋದು ನ್ಯಾಯ ತಾನೆ?”

ಬಾಗಿಲಾಚೆ ನಿಂತಿದ್ದ ಊರವ್ರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಗ ಅರ್ಥ ಆಯ್ತು ಅವ್ರಿಗೆ, ತಾವು ಏನು ಮಾಡಿದ್ದೀವಿ ಅಂತ. ಚಾಮುಂಡಮ್ಮ ಬಾಯಿ ಮೇಲೆ ಕೈ ಇಟ್ಕೊಂಡ್ರು.

ಮಲ್ಲಾಜಮ್ಮ ದನಿ ಏರಿಸ್ಲಿಲ್ಲ, ಇಳಿಸ್ಲೂ ಇಲ್ಲ. “ಸಾರ್, ನಮ್ಮೂರಲ್ಲಿ ಇಸ್ಕೊಂಡಿದ್ದನ್ನ ಬರಿದು ಮಾಡಿ ವಾಪಸ್ ಕೊಡಾಕಿಲ್ಲ. ಇವೆಲ್ಲಾ ಇವತ್ತು ಬೆಳಗ್ಗೆ ವಾಪಸ್ ಬಂದಿರೋವು. ಯಾವ್ ಪುಸ್ತಕದ ಪಕ್ಕ ಏನೂ ಇಲ್ವೋ ಅದು ಯಾರ್ ಮನೆಗೂ ಓಗಿಲ್ಲ. ನೀವೇ ಹುಡುಕ್ಕೊಳಿ.”

ಸಾಹೇಬ್ರು ಎದ್ದು ನೋಡಿದ್ರು. ನಾನೂ ನೋಡಿದೆ. ಬರಿದಾಗಿ ನಿಂತಿದ್ದು ನಾಲ್ಕೇ ನಾಲ್ಕು! ಮೂರು ಸರ್ಕಾರದ ವಾರ್ಷಿಕ ವರದಿ, ಒಂದು ಹಳೇ ಟೆಲಿಫೋನ್ ಡೈರೆಕ್ಟರಿ.

“ಅದನ್ನ ಯಾರೂ ಓದಾಕಿಲ್ಲ ಸಾರ್, ನಿಜ ಒಪ್ಕೋತೀನಿ” ಅಂದ್ರು ಮಲ್ಲಾಜಮ್ಮ.

ಸಾಹೇಬ್ರ ತುಟಿ ಸ್ವಲ್ಪ ಅಲುಗಾಡ್ತು, ಆದ್ರೂ ತಲೆ ಆಡಿಸಿದ್ರು. “ಅಮ್ಮ, ಅವರೆಕಾಯಿನ ದಾಖಲೆ ಅಂತ ನಾನು ಹೇಗೆ ಬರೀಲಿ? ಇಸ್ಕೊಂಡು ಹೋಗಿರ್ಬೋದು. ಓದಿದ್ದಾರೆ ಅಂತ ಏನು ಗ್ಯಾರಂಟಿ? ಪೆಟ್ಟಿಗೆ ಮೇಲೆ ಇಟ್ಟು ಪೂಜೆ ಮಾಡಿರ್ಬೋದು.” ಅರಿಶಿನ ಕುಂಕುಮದ ಪುಸ್ತಕ ಅವ್ರ ಕೈಲೇ ಇತ್ತು.

ಅವ್ರು ಆ ಪುಸ್ತಕ ಬಿಟ್ಟು ಇನ್ನೊಂದು ತೆಗೆದ್ರು, ದಪ್ಪ ಪತ್ತೇದಾರಿ ಕಾದಂಬರಿ, ಬೆನ್ನು ಹರಿದು ಮೂರು ಸಲ ಅಂಟಿಸಿದ್ದು. “ಇದನ್ನ ಯಾರು ತಂದಿದ್ದು?”

“ನಾನೇ ಸಾಹೇಬ್ರೆ” ಅಂತ ಚಾಮುಂಡಮ್ಮ ಒಳಗೆ ಬಂದ್ರು.

“ಓದಿದ್ರಾ?”

“ಮುಗ್ಸುಬುಟ್ಟೆ.”

“ಹಾಗಾದ್ರೆ ಹೇಳಿ, ಇದರಲ್ಲಿ ಜಮೀನ್ದಾರನ ಕೊಲೆ ಮಾಡಿದ್ದು ಯಾರು?”

ಚಾಮುಂಡಮ್ಮ ಬಾಯಿ ತೆಗೀತಿದ್ದ ಹಾಗೇ ಬಾಗಿಲಾಚೆಯಿಂದ ಒಂದು ಕಿರುಚಾಟ. “ಏಳ್ಬ್ಯಾಡ ದೊಡ್ಡವ್ವ! ಏಳುದ್ರೆ ನೋಡು!”

ಪ್ರಮೀಳಾ ಅಂತ, ಮೂವತ್ತರ ಹೆಂಗಸು, ಗುಂಪು ತಳ್ಕೊಂಡು ಒಳಗೆ ನುಗ್ಗಿದ್ರು. “ನಾನಿನ್ನೂ ಅರ್ಧದಲ್ಲಿವ್ನಿ! ಸೋಮವಾರ ನಾನ್ ಕಾಲು ಉಳುಕಿ ಮಲಗಿದ್ದಾಗ ಒಂದ್ ದಿನ ನೋಡ್ಕೊಡ್ತೀನಿ ಅಂತ ಇಸ್ಕೊಂಡೋದೋಳು, ವಾಪಸ್ ಕೊಡ್ಲೇ ಇಲ್ಲ ನೀನು!”

“ನಾನ್ ಕೊಡ್ತಿದ್ದೆ ಕಣೇ, ನೀನೇ ಸೀಗೆಹುಣ್ಣಿಮೇಲಿ ಇಸ್ಕೊಂಡಿದ್ದ ಪುಸ್ತಕ ಕೊಟ್ಟಿರ್ಲಿಲ್ವಲ್ಲ! ಮುಯ್ಯಿಗೆ ಮುಯ್ಯಿ!”

“ಅದು ನಂಜಣ್ಣನ್ ಮನೆಯವ್ರತ್ರ ಅದೆ ಅಂತ ಎಷ್ಟ್ ಸಲ ಏಳ್ಲಿ?”

“ಸುಳ್ಳು! ನಮ್ಮತ್ರ ಕೋಳಿ ಪುಸ್ತಕ ಇದ್ದಿದ್ದು!” ಅಂತ ಹೊರಗಿಂದ ನಂಜಣ್ಣನ ದನಿ.

“ಸರಿ, ಜಗಳ ಬಿಡಿ. ಕೊಲೆ ಮಾಡಿದ್ದು ಯಾರು ಅಂತ ಹೇಳಿ ಸಾಕು” ಅಂದ್ರು ಸಾಹೇಬ್ರು, ಸ್ವಲ್ಪ ಗಟ್ಟಿಯಾಗಿ.

“ಏಳ್ಬೇಡಿ!” ಈ ಸಲ ಒಬ್ಬರಲ್ಲ, ಏಳೆಂಟು ಜನ ಒಟ್ಟಿಗೆ. ಪ್ರಮೀಳಾ ಎರಡೂ ಕಿವಿ ಮುಚ್ಕೊಂಡು ಕಣ್ಣೂ ಮುಚ್ಕೊಂಡ್ರು. ಇನ್ನಿಬ್ಬರು ಹೊರಗೆ ಓಡೇಬಿಟ್ರು. ಕಡೆಗೆ ಚಾಮುಂಡಮ್ಮ ಸಾಹೇಬ್ರ ಹತ್ರ ಹೋಗಿ, ಸೆರಗು ಅಡ್ಡ ಹಿಡಿದು ಕಿವೀಲಿ ಹೇಳಿದ್ರು. ಸಾಹೇಬ್ರು ಕಡೇ ಪುಟ ತೆಗೆದು ನೋಡಿದ್ರು. ಹುಬ್ಬು ಮೇಲೇರ್ತು.

“ಅವ್ನಾ? ನಾನು ಅರ್ಧ ಓದಿ ಬಿಟ್ಟಿದ್ದೆ, ಅವ್ನು ಒಳ್ಳೇವನಲ್ವಾ?”

“ಅಂಗೇ ಅನ್ಸೋದು ಸ್ವಾಮಿ. ನೂರ ಇಪ್ಪತ್ತನೇ ಪುಟದಲ್ಲಿ ಅವ್ನು ಎಡಗೈಲಿ ಬೀಗ ತೆಗೀತಾನೆ. ಅಲ್ಲೇ ನಂಗೆ ಡೌಟು ಬಂತು.”

ನಾನು ನಗು ತಡೆಯೋಕೆ ಆಗ್ದೆ ಗೋಡೆ ಕಡೆ ತಿರುಗಿ ನಿಂತೆ. ಈ ಗಲಾಟೇಲಿ ಒಬ್ಬ ಅಜ್ಜ ಮೆಲ್ಲಗೆ ರ‍್ಯಾಕ್ ಹತ್ರ ಹೋಗಿ, ಒಂದು ಪುಸ್ತಕ ತಗೊಂಡು ಟವೆಲ್ ಒಳಗೆ ಸೇರಿಸ್ತಿದ್ರು. ಕರಿಯಪ್ಪ ಅಂತ, ಎಪ್ಪತ್ತು ದಾಟಿದೆ. ಸಾಹೇಬ್ರ ಕಣ್ಣಿಗೆ ಬಿದ್ಬಿಟ್ರು.

“ಏನು ಯಜಮಾನ್ರೇ ಅದು?”

“ಹಸ ಸಾಕೋ ಪುಸ್ತಕ ಸ್ವಾಮಿ. ನಮ್ ಹಸ ಇವತ್ತೋ ನಾಳೆಯೋ ಕರ ಹಾಕ್ತದೆ. ಆ ಪಾಠಕ್ಕೇ ಬಂದಿವ್ನಿ. ಗದ್ಲ ಮುಗ್ಯೋಗಂಟ ಕಾಯಕ್ ಆಗಲ್ಲ.”

“ನಿಮಗೆ ಓದೋಕೆ ಯಾರು ಕಲಿಸಿದ್ರು?”

“ಇನ್ಯಾರು, ನಮ್ ಮಲ್ಲಾಜಿ. ಅರವತ್ತನೇ ವಯಸ್ನಲ್ಲಿ. ಅಕ್ಸರ ತಪ್ಪುದ್ರೆ ಬೈತಾಳೆ ಸ್ವಾಮಿ, ಮೇಷ್ಟ್ರಿಗಿಂತ ಜೋರು.”

ಸಾಹೇಬ್ರು ಕೂತ್ಕೊಂಡ್ರು. ಇನ್ನೊಂದು ಲೋಟ ಮಜ್ಜಿಗೆ ತಾವೇ ಕೇಳಿ ಇಸ್ಕೊಂಡ್ರು.

“ಮಲ್ಲಾಜಮ್ಮ, ನಿಮ್ಮೂರವ್ರು ಓದ್ತಾರೆ. ಇದು ಇಲ್ಲೇ ಇರ್ಬೇಕು ಅಂತ ನನಗೂ ಅನ್ಸತ್ತೆ, ಹಾಗೇ ಬರೀತೀನಿ. ಆದ್ರೆ ತಪ್ಪು ನಿಮ್ದೂ ಇದೆ.”

“ನಂದೇನ್ ತಪ್ಪು ಸಾರ್? ಯಾವ್ ಪುಸ್ತಕ ಯಾವ್ ಮನೇಲದೆ ಅಂತ ಕೇಳಿ, ನಿದ್ದೆಗಣ್ಣಲ್ಲೂ ಏಳ್ತೀನಿ.”

“ಅದೇ ತಪ್ಪು. ಎಲ್ಲಾ ನಿಮ್ಮ ತಲೇಲಿದೆ. ನಾಳೆ ನೀವು ಒಂದು ತಿಂಗಳು ಹುಷಾರಿಲ್ದೆ ಮಲಗಿದ್ರೆ? ಹತ್ತು ವರ್ಷ ಆದ್ಮೇಲೆ ಈ ಕುರ್ಚೀಲಿ ಇನ್ನೊಬ್ಬರು ಕೂತ್ರೆ? ಆಗ ಬರೋ ಅಧಿಕಾರಿಗೆ ಯಾರು ತೋರ್ಸ್ತಾರೆ, ಏನು ತೋರ್ಸ್ತಾರೆ? ಅವತ್ತು ಇದನ್ನ ಎತ್ಕೊಂಡು ಹೋದ್ರೆ ಅದಕ್ಕೆ ನೀವೇ ಕಾರಣ.”

ಮಲ್ಲಾಜಮ್ಮ ರಿಜಿಸ್ಟರ್ ಹತ್ರಕ್ಕೆ ಎಳ್ಕೊಂಡು ಪುಟ ತಿರುವಿದ್ರು. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದ್ರು, ಮತ್ತೆ ಹಾಕ್ಕೊಂಡ್ರು. ಮೇಲಿನ ಗಾಜಿನ ಹೆಂಚಿಂದ ಬಿಸಿಲು ಅವ್ರ ಕೈ ಮೇಲೆ ಬಿದ್ದಿತ್ತು.

“ನೀವ್ ಏಳೋದು ಸರಿ ಅದೆ ಸಾರ್. ನನ್ ತಲೇಗೆ ಇದು ಒಳೀಲೇ ಇಲ್ಲ.”

ಸಾಹೇಬ್ರು ಮಾರ್ಚ್ ಕೊನೆ ತನಕ ಟೈಮ್ ಕೊಟ್ರು. ಅಷ್ಟರಲ್ಲಿ ಪುಸ್ತಕ ಕೈ ಬದಲಾದಾಗಲೆಲ್ಲ ಎಲ್ಲಾದ್ರೂ ಬರೆದಿರ್ಬೇಕು, ಅವ್ರು ಬಂದು ನೋಡ್ತಾರೆ, ನೋಡಿ ಮೇಲಕ್ಕೆ ಕಳಿಸ್ತಾರೆ. ಭೇಟಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು, ಸೈನ್ ಹಾಕಿ, ಸೀಲ್ ಒತ್ತಿದ್ರು. ಪ್ರಮೀಳಾ ಜೋರಾಗಿ ಓದಿದ್ರು: “ಸದರಿ ಗ್ರಂಥಾಲಯವು ಹಾಲಿ ಸ್ಥಳದಲ್ಲಿಯೇ ಮುಂದುವರಿಯತಕ್ಕದ್ದು.” ಹೊರಗೆ ಯಾರೋ ಶಿಳ್ಳೆ ಹೊಡೆದ್ರು. ಸಾಹೇಬ್ರನ್ನ ಬರಿಗೈಲಿ ಕಳಿಸೋಕಾಗತ್ತಾ ಅಂತ ಒಂದು ಚೀಲ ಅವರೆಕಾಯಿ ಕೊಡೋಕೆ ಹೋದ್ರು. ಅವ್ರು ಬೇಡವೇ ಬೇಡ ಅಂತ ಕೈ ಮುಗಿದು ತೆಪ್ಪ ಹತ್ತಿದ್ರು.

ಆಚೆ ದಡಕ್ಕೆ ತೆಪ್ಪ ಹೋಗಿ ಬರೋ ತನಕ ನಾನಿಲ್ಲೇ ಇರ್ಬೇಕಾಯ್ತು. ಅಷ್ಟರಲ್ಲಿ ರ‍್ಯಾಕ್ ಮತ್ತೆ ಖಾಲಿಯಾಗೋಕೆ ಶುರು! ಪ್ರಮೀಳಾ ಪತ್ತೇದಾರಿ ಕಾದಂಬರಿ ಎದೆಗೆ ಅವುಚ್ಕೊಂಡು ಮೊದಲು ಓಡಿದ್ರು.

“ನಿಲ್ಲೇ!” ಮಲ್ಲಾಜಮ್ಮ ಕೂಗಿದ್ರು. “ಬರ್ದು ಓಗು!”

“ಎಲ್ ಬರೀಲಿ ಮಲ್ಲಾಜಕ್ಕ?”

ಮಲ್ಲಾಜಮ್ಮ ಸುತ್ತ ನೋಡಿದ್ರು. ನಮ್ಮ ವೇಸ್ಟ್ ಪಟ್ಟಿಯ ಹಾಳೆಗಳು ಕೆಳಗೆ ಬಿದ್ದಿದ್ವು, ಹಿಂಬದಿ ಖಾಲಿ. ಅಂಗೈ ಅಗಲ ಹರಿದು, ಕಾದಂಬರಿ ಹಿಂದಿನ ರಟ್ಟಿನ ಒಳಗೆ ಸಿಕ್ಕಿಸಿ, ಚಾಮುಂಡಮ್ಮನ ಕೈಗೆ ಪೆನ್ನು ಕೊಟ್ರು. “ಇಸ್ಕೊಳ್ಳೋರು ಬರ್ಯೋದ್ ಬ್ಯಾಡ, ಮರ್ತುಬುಡ್ತಾರೆ. ಕೊಡೋರು ಬರೀರಿ, ಯಾರಿಗ್ ಕೊಟ್ಟೆ ಅಂತ. ಕೊಟ್ಟೋರು ಯಾವತ್ತೂ ಮರ್ಯಾಕಿಲ್ಲ.” ಇಡೀ ಬೀದಿ ನಕ್ತು. ಚಾಮುಂಡಮ್ಮ ನಾಲಿಗೆ ಕಚ್ಕೊಂಡು, ದುಂಡುದುಂಡಗೆ ‘ಪ್ರಮೀಳಾ, ಶನಿವಾರ’ ಅಂತ ಬರೆದ್ರು.

ಒಂದಾಯ್ತು, ಇನ್ನು ಮುನ್ನೂರು ಚಿಲ್ಲರೆ ಬಾಕಿ. ಸಿಕ್ಕಿಸಿದ ಚೀಟಿ ಬಿದ್ದೋಗತ್ತೆ, ಸರಿಯಾಗಿ ಗೆರೆ ಎಳೆದು ಅಂಟಿಸ್ಬೇಕು ಅಂತ ನಾನಂದೆ. “ಅಂಟಿಸ್ಕೊಡ್ತೀಯಾ?” ಅಂದ್ರು. ನಾನು ಯೋಚ್ನೆನೇ ಮಾಡ್ಲಿಲ್ಲ, ಹೂಂ ಅಂದ್ಬಿಟ್ಟೆ. ಹುಣಸೂರಿಂದ ಚೀಟಿ ಪ್ರಿಂಟ್ ಹಾಕಿಸ್ಕೊಂಡು ಬರ್ತೀನಿ, ನನ್ನ ಫ್ರೆಂಡ್ಸ್ ಇಬ್ಬರನ್ನ ಕರ್ಕೊಂಡು ಬರ್ತೀನಿ, ಒಂದೇ ದಿನದಲ್ಲಿ ಮುಗಿಸ್ಬಿಡೋಣ ಅಂತೆಲ್ಲ ಒಂದೇ ಉಸಿರಲ್ಲಿ ಹೇಳಿದೆ.

“ಮಾರ್ಚ್‌ಗಂಟ ಯಾಕೆ ಬೇಕು, ಮೂರ್ ವಾರ ಸಾಕು ನಮ್ಗೆ” ಅಂದ್ರು ಮಲ್ಲಾಜಮ್ಮ. ಹಳೇ ಜೋರು ವಾಪಸ್ ಬಂದಿತ್ತು. “ಬರೋ ಶನಿವಾರ ಎಂಟೂವರೆ ಒಳಗೆ ದಡದಲ್ಲಿರು. ತಡ ಆದ್ರೆ ನಮ್ ಯಜಮಾನ್ರು ಕಾಯಾಕಿಲ್ಲ, ತೆಪ್ಪ ತಿರುಗುಸ್ಬುಡ್ತಾರೆ. ಮಧ್ಯಾಹ್ನಕ್ಕೆ ಇಲ್ಲೇ ಉಂಡು ಓಗು.”

ಶನಿವಾರಕ್ಕೆ ಇನ್ನು ಆರು ದಿನ. ಅಂತರಸಂತೆಗೆ ಹೋಗೋ ಮೊದಲ ಬಸ್ಸು ಹುಣಸೂರಿಂದ ಎಷ್ಟೊತ್ತಿಗೆ ಅಂತ ಆಗ್ಲೇ ಕೇಳ್ಕೊಂಡು ಬಂದಿದ್ದೀನಿ.